ಕ್ರುಸೇಡರ್ ಕಿಂಗ್ಸ್ 3: ಇಂಟ್ರೀಗ್ 19 ಇದ್ರೂ ಕೊಲೆಸಂಚು ಬಯಲಾಗ್ತಿದೆ, ಎಲ್ಲಿ ಎಡವಟ್ಟು?

ಹಿರಿಯಮಗ_1068
ಮಧ್ಯಯುಗದ ರಾಜವಂಶ ನಡೆಸೋ ಈ ಕಂಪ್ಯೂಟರ್ ಗೇಮ್‌ನಲ್ಲಿ ನನ್ನದು ಕಲ್ಯಾಣ ಚಾಲುಕ್ಯರ ಆಟ, 1066ರ ಶುರು. ಅಪ್ಪ ಸೋಮೇಶ್ವರ ತೀರಿಕೊಂಡು ಈಗ ಹಿರಿಮಗ ಗದ್ದುಗೆ ಮೇಲಿದ್ದಾನೆ. ಆಸ್ತಿಯನ್ನ ಮಕ್ಕಳಿಗೆಲ್ಲ ಹಂಚೋ ಪಾರ್ಟಿಷನ್ ನಿಯಮದ ಕೃಪೆಯಿಂದ ಒಳ್ಳೊಳ್ಳೆ ಕೌಂಟಿಗಳೆಲ್ಲ (ಜಿಲ್ಲೆ ಥರದ್ದು) ನಾಲ್ಕು ಜನ ತಮ್ಮಂದಿರ ಪಾಲು.

ರಾಜನ ಇಂಟ್ರೀಗ್ (ಒಳಸಂಚಿನ ಸ್ಕಿಲ್) 19. ಮೂರು ನಕ್ಷತ್ರದ ಇಂಟ್ರೀಗ್ ಎಜುಕೇಶನ್, ಸ್ವಭಾವದ ಟ್ರೇಟ್ ಡಿಸೀಟ್‌ಫುಲ್ (ಮೋಸಗಾರ), ಕಂಪ್ಯಾಷನೇಟ್ (ಕರುಣಾಳು). ಫೋಕಸ್ ಸ್ಕಲ್‌ಡಗರಿ, ಅಂದ್ರೆ ಸಂಚಿನ ದಾರಿ. ಸ್ಪೈಮಾಸ್ಟರ್ (ಗೂಢಚಾರರ ಮುಖ್ಯಸ್ಥ) ಒಬ್ಬ ಸಾಮಂತ, ಅವನದು 22.

ಮೊದಲನೇ ತಮ್ಮನ ಕೊಲೆ ಆಯ್ತು, ಯಾರಿಗೂ ಗೊತ್ತಾಗಲಿಲ್ಲ. ಎರಡನೆಯವನದೂ ಆಯ್ತು, ಆದರೆ ಹೆಸರು ಹೊರಗೆ ಬಂತು. ಸಂಚು ಜಾರಿ ಮಾಡುವಾಗ ಸಕ್ಸೆಸ್ 85, ಸೀಕ್ರೆಸಿ 62 ತೋರಿಸ್ತಿತ್ತು. ಈಗ ಕಿನ್‌ಸ್ಲೇಯರ್ (ಬಂಧುಹಂತಕ) ಪಟ್ಟ, ಎಲ್ಲರ ಒಪೀನಿಯನ್ ಪಾತಾಳಕ್ಕೆ, ಎದುರಿಗೆ ಒಂದು ಫ್ಯಾಕ್ಷನ್ (ಸಾಮಂತರ ಬಂಡುಕೂಟ), ಸ್ಟ್ರೆಸ್ 240. ಅಷ್ಟೆಲ್ಲ ಮಾಡಿಯೂ ಸತ್ತವನ ಭೂಮಿ ಕೈಗೆ ಬರಲಿಲ್ಲ.

ಇಂಟ್ರೀಗ್ 25ಕ್ಕೆ ಏರಿಸಿದ್ರೆ ಸರಿಹೋಗುತ್ತಾ? ಇಲ್ಲ ಈ ಸ್ಕಿಲ್ಲೇ ದಂಡನಾ?

ಟೂಲ್‌ಟಿಪ್_ತಾತ
ಸಕ್ಸೆಸ್ ಬೇರೆ, ಸೀಕ್ರೆಸಿ ಬೇರೆ. 85 ಅಂದ್ರೆ ಅವನು ಸಾಯೋ ಸಾಧ್ಯತೆ. ಸತ್ತ ಮೇಲೆ ನೀವು ಸಿಕ್ಕಿಬೀಳ್ತೀರಾ ಇಲ್ವಾ ಅನ್ನೋದು 62. ಎರಡನ್ನೂ ಒಂದೇ ಅಂದ್ಕೊಂಡು ಸಕ್ಸೆಸ್ ಹಸಿರಾಗಿದ್ದ ಕೂಡಲೇ ಬಟನ್ ಒತ್ತಿದ್ದೀರಿ.

ಲೆಕ್ಕದ_ಮೇಷ್ಟ್ರು
ನಾಲ್ಕು ತಮ್ಮಂದಿರು ಅಂದ್ರಲ್ಲ, 0.62ನ್ನ ನಾಲ್ಕು ಸಲ ಗುಣಿಸಿ ನೋಡಿ. 0.148. ಅಂದ್ರೆ ನಾಲ್ಕೂ ಕೊಲೆ ಗುಟ್ಟಾಗಿ ಮುಗಿಯೋ ಸಾಧ್ಯತೆ ನೂರಕ್ಕೆ 15. ಸೀಕ್ರೆಸಿ 90 ಇದ್ರೂ ನಾಲ್ಕಕ್ಕೆ 66 ಅಷ್ಟೇ. 95 ಇದ್ರೆ 81. ಒಂದು ಕೊಲೆಗೆ "ಪರವಾಗಿಲ್ಲ" ಅನ್ನಿಸೋ ಸಂಖ್ಯೆ, ಸಾಲುಕೊಲೆಗೆ ಆತ್ಮಹತ್ಯೆ.

ರಾತ್ರಿಪಾಳಿ
ಮೇಷ್ಟ್ರೇ, ಲೆಕ್ಕ ಸರಿ, ಆದರೆ ಸ್ವಲ್ಪ ಉದಾರವಾಗಿದೆ. ಸೀಕ್ರೆಸಿ ಕೊನೆಗೆ ಒಂದೇ ಸಲ ಹಾಕೋ ದಾಳ ಅಲ್ಲ. ಸಂಚು ನಡೀತಿರುವಾಗಲೂ ವಾಸನೆ ಹತ್ತುತ್ತೆ. ನಿಧಾನದ ಸಂಚು ಅಂದ್ರೆ ಹೆಚ್ಚು ದಿನ ಗಾಳಿಗೆ ತೆರೆದಿಟ್ಟ ಹಾಗೆ. ಅದಕ್ಕೇ ಸ್ಪೀಡ್ ಅನ್ನೋ ಮೂರನೇ ಅಂಕಿಯನ್ನೂ ನೋಡಬೇಕು.

ಲೆಕ್ಕದ_ಮೇಷ್ಟ್ರು
ಒಪ್ಪಿದೆ. ಅಂದ್ರೆ 15ಕ್ಕಿಂತಲೂ ಕಮ್ಮಿ. ಮೂಲ ಪ್ರಶ್ನೆ ಕೇಳಿದವರಿಗೆ ಇದು ಸಮಾಧಾನ ಅಲ್ಲ ಅಂತ ಗೊತ್ತು.

ಕುಡ್ಲದ_ಕುಳ
ಮಾರಾಯ್ರೆ, ಎಲ್ಲಕ್ಕಿಂತ ಮೊದಲು ಆ ಸ್ಪೈಮಾಸ್ಟರ್‌ಗೆ ನಿಮ್ಮ ಮೇಲೆ ಒಪೀನಿಯನ್ ಎಷ್ಟು ಉಂಟು ಹೇಳಿ. 22 ಸ್ಕಿಲ್ ಅಂತ ನೋಡಿ ಕೂರಿಸಿದ್ದು ಸರಿ, ಅವನು ನಿಮ್ಮನ್ನು ದ್ವೇಷಿಸಿದ್ರೆ ಆ 22 ಯಾರ ಕೈಯಲ್ಲಿ ಇರ್ತದೆ?

ಹಿರಿಯಮಗ_1068
-31.

ಕುಡ್ಲದ_ಕುಳ
ಹಾಂ. ಬೆಕ್ಕಿಗೆ ಹಾಲಿನ ಕಾವಲು ಕೊಟ್ಟಿದ್ದೀರಿ.

ಹೇಳ್ತೇನೆ ಕೇಳಿ. ಆ ಕುರ್ಚಿಗೆ ಸ್ಕಿಲ್ ಎರಡನೇ ವಿಷಯ. ನಿಮ್ಮನ್ನು ಇಷ್ಟಪಡುವವರು ಬೇಕು, ಇಲ್ಲವೇ ನಿಮ್ಮ ಸಾವಿನಿಂದ ಲಾಭ ಇಲ್ಲದವರು ಬೇಕು. ಹೆಂಡತಿ, ತಾಯಿ, ಜಮೀನಿಲ್ಲದ ಆಸ್ಥಾನಿಕ, ಹೀಗೆ. ಕೌನ್ಸಿಲ್‌ನ ಬೇರೆ ಕುರ್ಚಿಗಳಿಗೆ ಗಂಡಸೇ ಆಗಬೇಕು ಅನ್ನುವ ಧರ್ಮದಲ್ಲೂ ಸ್ಪೈಮಾಸ್ಟರ್‌ಗೆ ಹೆಂಗಸು ಆಗ್ತದೆ. 14 ಸ್ಕಿಲ್‌ನ ನಿಷ್ಠಾವಂತೆ 22ರ ಶತ್ರುವಿಗಿಂತ ಮೇಲು. ಬಲಿಷ್ಠ ಸಾಮಂತನಿಗೆ ಕೌನ್ಸಿಲ್‌ನಲ್ಲಿ ಜಾಗ ಕೊಡಲೇಬೇಕು ಅಂತಾದ್ರೆ ಮಾರ್ಷಲ್ (ಸೇನಾಪತಿ) ಮಾಡಿ ಗಡಿಗೆ ಕಳಿಸಿ.

ಜೋಳದರೊಟ್ಟಿ_ಜನರಲ್
ಮಾರ್ಷಲ್ ಮಾಡೂದು ಅಂದ್ರ ಕೈಗೆ ಕತ್ತಿ ಕೊಟ್ಟಂಗ ಆತಲ್ರೀ 😀 ಆದ್ರೂ ಸ್ಪೈಮಾಸ್ಟರ್‌ಕಿಂತ ಅದ ಚಲೋ, ಖರೆ.

ಟೂಲ್‌ಟಿಪ್_ತಾತ
ಸ್ಕಿಲ್ ಬಗ್ಗೆ ಕೇಳಿದ್ದಕ್ಕೆ ನೇರ ಉತ್ತರ ಕೊಡೋಣ. ಇಂಟ್ರೀಗ್ ಎಲ್ಲಿಂದ ಬರುತ್ತೆ:

ಎಜುಕೇಶನ್ ಒಂದು ನಕ್ಷತ್ರಕ್ಕೆ +2, ಎರಡಕ್ಕೆ +4, ಮೂರಕ್ಕೆ +6, ನಾಲ್ಕಕ್ಕೆ +8. ಡಿಸೀಟ್‌ಫುಲ್ +4, ಪ್ಯಾರನಾಯ್ಡ್ +3. ಕ್ಯಾಲಸ್, ಸ್ಯಾಡಿಸ್ಟಿಕ್, ವೆಂಜ್‌ಫುಲ್, ಲಸ್ಟ್‌ಫುಲ್, ಸಿನಿಕಲ್ ತಲಾ +2. ಆಂಬಿಷಸ್ ಇದ್ರೆ ಎಲ್ಲ ಸ್ಕಿಲ್‌ಗೂ +1. ಹುಟ್ಟಿನಿಂದ ಬಂದ ಬುದ್ಧಿ: ಕ್ವಿಕ್ +1, ಇಂಟೆಲಿಜೆಂಟ್ +3, ಜೀನಿಯಸ್ +5. ಸ್ಕಲ್‌ಡಗರಿ ಫೋಕಸ್ +3. ಆ ದಾರಿಯ ಪರ್ಕ್ (ಒಂದೊಂದಾಗಿ ಪಡೆಯೋ ವಿಶೇಷ ಶಕ್ತಿ) ಮರ ಪೂರ್ತಿ ಮುಗಿಸಿದ್ರೆ ಸಿಗೋ ಸ್ಕೀಮರ್ ಟ್ರೇಟ್ +5.

ಕಡಿಮೆ ಮಾಡೋದು: ಆನೆಸ್ಟ್ -4, ಜಸ್ಟ್ -3. ಕಂಪ್ಯಾಷನೇಟ್, ಟ್ರಸ್ಟಿಂಗ್, ಫರ್ಗಿವಿಂಗ್ ತಲಾ -2.

ಇದರ ಮೇಲೆ ಹೆಂಡತಿಯ ಇಂಟ್ರೀಗ್‌ನ ಒಂದು ಪಾಲು ಸೇರುತ್ತೆ. ಕೌನ್ಸಿಲ್ ಪರದೆಯಲ್ಲಿ ಪತ್ನಿಯ ಕೆಲಸವನ್ನ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಅನ್ನೋದರಿಂದ ಇಂಟ್ರೀಗ್‌ಗೆ ಮಾತ್ರ ಅಂತ ಬದಲಿಸಿ. 25 ಮುಟ್ಟಬೇಕಾದ್ರೆ ನಿಮಗಿರೋ ಅತಿ ಅಗ್ಗದ ದಾರಿ ಅದು. ಒಂದು ಪೈಸೆ ಖರ್ಚಿಲ್ಲ.

ಆದರೆ 25 ಆದ್ರೂ ಸೀಕ್ರೆಸಿ 62ರಿಂದ 95ಕ್ಕೆ ಹಾರಲ್ಲ. ಅದನ್ನ ಏರಿಸೋದು ಸಂಚಿಗೆ ಸೇರಿಸಿಕೊಳ್ಳೋ ಏಜೆಂಟ್‌ಗಳು.

ಮಾಡ್‌ಮಲ್ಲ
ಮತ್ತೊಂದು ಮಾತು, ಯೂಟ್ಯೂಬಲ್ಲಿ 2024ರ ಸೆಪ್ಟೆಂಬರ್‌ಗಿಂತ ಹಿಂದಿನ ಗೈಡ್ ನೋಡಿ ಆಡ್ತಾ ಇದ್ರೆ ಬಿಟ್ಬಿಡಿ. 1.13 ಅಪ್‌ಡೇಟ್‌ನಲ್ಲಿ ಸ್ಕೀಮ್ (ಸಂಚಿನ) ವ್ಯವಸ್ಥೆಯನ್ನೇ ಬಿಚ್ಚಿ ಕಟ್ಟಿದ್ದಾರೆ. ಮುಂಚೆ ಏಜೆಂಟ್‌ಗಳನ್ನ ಗುಡ್ಡೆ ಹಾಕ್ಕೊಂಡು ಹೋದ್ರೆ ಪವರ್ ಏರ್ತಿತ್ತು. ಈಗ ಇರೋದು ಐದೇ ಕುರ್ಚಿ. ಒಂದೊಂದು ಕುರ್ಚಿಗೂ ಕೆಲಸ ಬೇರೆ: ಕೆಲವು ಸಕ್ಸೆಸ್‌ಗೆ, ಕೆಲವು ಸ್ಪೀಡ್‌ಗೆ, ಕೆಲವು ಸೀಕ್ರೆಸಿಗೆ. ಸಂಚು ಶುರು ಮಾಡುವಾಗಲೇ ಯಾವುದಕ್ಕೆ ಒತ್ತು ಅಂತ ಕೇಳುತ್ತೆ. ಡೀಫಾಲ್ಟ್ ಒತ್ತಿ ಮುಂದೆ ಹೋಗೋರೇ ಜಾಸ್ತಿ.

ರಾತ್ರಿಪಾಳಿ
ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಡವೋದು ಇಲ್ಲೇ.

ಮರ್ಡರ್ ಆರಿಸಿದಾಗ ಬರೋ ಕಿಟಕಿಯಲ್ಲಿ ಸೀಕ್ರೆಸಿಗೆ ಒತ್ತು ಕೊಡೋ ಆಯ್ಕೆ ತಗೊಳ್ಳಿ. ಸಕ್ಸೆಸ್ ಹೇಗೂ ಹಂತ ಹಂತಕ್ಕೆ ಏರುತ್ತೆ, 95ರ ಮೇಲೆ ಹೋಗಲ್ಲ. ಆಮೇಲೆ ಐದು ಕುರ್ಚಿ ಕಾಣುತ್ತೆ. ಖಾಲಿ ಕುರ್ಚಿ ಮೇಲೆ ಕರ್ಸರ್ ಇಟ್ರೆ ಯಾವ ಸ್ಕಿಲ್ ಲೆಕ್ಕಕ್ಕೆ ಬರುತ್ತೆ ಅಂತ ತೋರಿಸುತ್ತೆ. "ಏಜೆಂಟ್ ಅಂದ್ರೆ ಇಂಟ್ರೀಗ್" ಅಂದ್ಕೊಂಡು ಎಲ್ಲ ಕುರ್ಚಿಗೂ ಕಳ್ಳರನ್ನೇ ಕೂರಿಸಬೇಡಿ. ಒಂದು ಕುರ್ಚಿಗೆ ಪಂಡಿತ ಬೇಕಾದೀತು, ಇನ್ನೊಂದಕ್ಕೆ ಮಾತುಗಾರ.

ಕೂರೋಕೆ ಒಪ್ಪದವನಿಗೆ ದುಡ್ಡು ಕೊಡಬಹುದು. ಹುಕ್ (ಅವನನ್ನ ಒಪ್ಪಿಸೋಕೆ ಕೈಲಿರೋ ಹಿಡಿತ) ಇದ್ರೆ ಬಳಸಬಹುದು. ಅದಕ್ಕೂ ಮುಂಚೆ ಅವನಿಗೆ ಟಾರ್ಗೆಟ್ ಮೇಲೆ ಒಪೀನಿಯನ್ ಎಷ್ಟು ಅಂತ ನೋಡಿ. ಟಾರ್ಗೆಟ್‌ನ ಹತ್ತಿರ ಇದ್ದು ಅವನನ್ನ ಕಂಡ್ರೆ ಆಗದವನೇ ಚಿನ್ನದಂಥ ಏಜೆಂಟ್. ಅವನ ಹೆಂಡತಿಯೇ ಆಗಿರ್ತಾಳೆ ಎಷ್ಟೋ ಸಲ.

ಮತ್ತೆ ಎಲ್ಲ ಕುರ್ಚಿ ತುಂಬಿದ್ರೂ ತಕ್ಷಣ ಒತ್ತಬೇಡಿ. ಸಕ್ಸೆಸ್ ಅಂಕಿ ಮೇಲೆ ಕರ್ಸರ್ ಇಟ್ಟು ನಿಲ್ಲಿಸಿ. ಕೆಳಗೆ ಸಾಲು ಸಾಲಾಗಿ ಬರುತ್ತೆ: ನಿಮ್ಮ ಇಂಟ್ರೀಗ್‌ನಿಂದ ಇಷ್ಟು ಹಸಿರು, ಏಜೆಂಟ್‌ಗಳಿಂದ ಇಷ್ಟು, ಆಮೇಲೆ ಕೆಂಪಲ್ಲಿ ಟಾರ್ಗೆಟ್‌ನ ಇಂಟ್ರೀಗ್, ಅವನ ಸ್ಪೈಮಾಸ್ಟರ್. ಆ ಕೆಂಪು ಸಾಲು ದೊಡ್ಡದಿದ್ರೆ ಅವನ ಸ್ಪೈಮಾಸ್ಟರ್ ಮುದುಕನೋ ರೋಗಿಷ್ಠನೋ ಅಂತ ನೋಡಿ. ಆ ಮುದುಕ ಸಾಯೋವರೆಗೆ ಕಾದ್ರೆ ನಿಮಗೆ ಆರು ಪಾಯಿಂಟ್ ಸ್ಕಿಲ್ ಏರಿಸಿದ್ದಕ್ಕಿಂತ ಹೆಚ್ಚು ಲಾಭ.

ಗುಬ್ಬಿಗೂಡು
ಸ್ಪೈಮಾಸ್ಟರ್‌ನ ಸಪೋರ್ಟ್ ಸ್ಕೀಮ್ಸ್ (ನಿಮ್ಮ ಸಂಚಿಗೆ ನೆರವು) ಕೆಲಸಕ್ಕೆ ಹಾಕಿದ್ರಾ ಅಂತ ಯಾರೂ ಕೇಳಲಿಲ್ಲ ನೋಡಿ.

ಹಿರಿಯಮಗ_1068
ಇಲ್ಲ. ಡಿಸ್ರಪ್ಟ್‌ನಲ್ಲೇ (ಬೇರೆಯವರ ಸಂಚು ತಡೆಯೋ ಕೆಲಸ) ಇತ್ತು.

ಗುಬ್ಬಿಗೂಡು
ಆಯ್ತು ಬಿಡಿ 🙏

ಎಮ್ಮೆ_ಮೇಲೆ_ಮಳೆ
ಎಲ್ಲರೂ ಚಾಕು ಹೇಗೆ ಹಿಡೀಬೇಕು ಅಂತಲೇ ಹೇಳ್ತಿದ್ದೀರಿ. ಕೊಲ್ಲೋದೇ ತಪ್ಪು ಅಂತ ಯಾಕೆ ಹೇಳ್ತಿಲ್ಲ? ಧರ್ಮದ ಮಾತಲ್ಲ, ಆಸ್ತಿಯ ಮಾತು.

ಸತ್ತ ತಮ್ಮನಿಗೆ ಮಕ್ಕಳಿದ್ರಾ? ಇದ್ದೇ ಇರ್ತಾರೆ, ಅದಕ್ಕೇ ಭೂಮಿ ಕೈಗೆ ಬರಲಿಲ್ಲ. ತಮ್ಮ ಸತ್ರೆ ಅವನ ಪಾಲು ಅವನ ಮಕ್ಕಳಿಗೆ ಹೋಗುತ್ತೆ, ಅಣ್ಣನಿಗಲ್ಲ. ಎರಡು ಮಕ್ಕಳಿದ್ರೆ ಅಲ್ಲೂ ಪಾರ್ಟಿಷನ್. ಒಬ್ಬ ಶತ್ರು ಇದ್ದಲ್ಲಿ ಅಪ್ಪನ ಕೊಲೆಗಾರ ಯಾರು ಅಂತ ಗೊತ್ತಿರೋ ಇಬ್ಬರು ಶತ್ರುಗಳು.

ಕೊಲೆಗೆ ಮುಂಚೆ ಒಂದೇ ಒಂದು ಕೆಲಸ: ಅವನ ಟೈಟಲ್ ಮೇಲೆ ಕ್ಲಿಕ್ ಮಾಡಿ ವಾರಸುದಾರ ಯಾರು ಅಂತ ನೋಡಿ. ಅಲ್ಲಿ ನಿಮ್ಮ ಮುಖ ಇದ್ರೆ ಮಾತ್ರ ಕೊಲೆಗೆ ಅರ್ಥ ಇದೆ. ಮದುವೆಯಾಗದ ಹದಿನೈದರ ಹುಡುಗನಾದ್ರೆ ಸರಿ. ಮದುವೆ ಆಗಿ ಮೂರು ಮಕ್ಕಳಾದ ಮೇಲೆ ಅವನನ್ನ ಕೊಲ್ಲೋದು, ಕೊಂಬೆ ಕಡಿದು ನಾಲ್ಕು ಚಿಗುರು ಬರಿಸಿದ ಹಾಗೆ.

ಜೋಳದರೊಟ್ಟಿ_ಜನರಲ್
ಇದು ಖರೇ ಮಾತು. ಮದುವಿ ಆಗೂಕಿಂತ ಮೊದಲ ಮುಗಿಸಬೇಕು, ಇಲ್ಲಾಂದ್ರ ಸುಮ್ಮನ ಕುಂದ್ರಬೇಕು.

ಎಮ್ಮೆ_ಮೇಲೆ_ಮಳೆ
ಇಂಟ್ರೀಗ್‌ನ ನಿಜವಾದ ಬೆಲೆ ರಹಸ್ಯದಲ್ಲಿದೆ. ಸ್ಪೈಮಾಸ್ಟರ್‌ನ ಫೈಂಡ್ ಸೀಕ್ರೆಟ್ಸ್‌ಗೆ ಹಾಕಿ, ಮೊದಲು ನಿಮ್ಮದೇ ಆಸ್ಥಾನಕ್ಕೆ. ಜನ ಪಕ್ಕದ ರಾಜ್ಯಕ್ಕೆ ಕಳಿಸ್ತಾರೆ, ನಿಮ್ಮ ತಲೆ ತೆಗೆಯೋರೆಲ್ಲ ಮನೆಯೊಳಗೇ ಇರುವಾಗ. ಆಸ್ಥಾನ ಜರಡಿ ಹಿಡಿದಾದ ಮೇಲೆ ಒಬ್ಬೊಬ್ಬ ತಮ್ಮನ ಆಸ್ಥಾನಕ್ಕೆ.

ಸಿಕ್ಕ ರಹಸ್ಯದಲ್ಲಿ ಎರಡು ಜಾತಿ. ಅವರ ಧರ್ಮದ ಪ್ರಕಾರ ಅಪರಾಧವಾದ್ರೆ (ಕೊಲೆ ಥರದ್ದು) ಬ್ಲ್ಯಾಕ್‌ಮೇಲ್‌ನಿಂದ ಸ್ಟ್ರಾಂಗ್ ಹುಕ್. ಬರೀ ನಾಚಿಕೆಗೇಡಾದ್ರೆ ವೀಕ್ ಹುಕ್. ಒಂದೇ ಕೆಲಸ ಒಂದು ಧರ್ಮದಲ್ಲಿ ಅಪರಾಧ, ಇನ್ನೊಂದರಲ್ಲಿ ನಾಚಿಕೆ, ಮತ್ತೊಂದರಲ್ಲಿ ಏನೂ ಅಲ್ಲ. ಆದ್ದರಿಂದ ಅವನ ಫೇತ್ (ಧರ್ಮ) ತೆಗೆದು ಡಾಕ್ಟ್ರಿನ್ (ಧರ್ಮದ ನಿಯಮ) ಪಟ್ಟಿ ಓದಿ.

ವೀಕ್ ಹುಕ್ ಒಂದೇ ಸಲ, ಬಳಸಿದ್ರೆ ಮುಗೀತು. ಮದುವೆಗೆ ಒಪ್ಪಿಸೋಕೆ, ಏಜೆಂಟ್ ಮಾಡೋಕೆ ಸಾಕು. ಸ್ಟ್ರಾಂಗ್ ಹುಕ್ ಬಳಸಿದ ಮೇಲೂ ಉಳಿಯುತ್ತೆ, ಸ್ವಲ್ಪ ಕಾಲ ಬಿಟ್ಟು ಮತ್ತೆ ಬಳಸಬಹುದು. ಅದಕ್ಕಿಂತ ಮುಖ್ಯ, ಸ್ಟ್ರಾಂಗ್ ಹುಕ್ ನಿಮ್ಮ ಕೈಲಿರುವಾಗ ಆ ಮನುಷ್ಯ ನಿಮ್ಮ ವಿರುದ್ಧ ಫ್ಯಾಕ್ಷನ್ ಸೇರೋ ಹಾಗಿಲ್ಲ. ನಾಲ್ಕು ತಮ್ಮಂದಿರನ್ನ ಕೊಲ್ಲೋ ಬದಲು ನಾಲ್ಕು ಜುಟ್ಟು ಹಿಡೀರಿ. ಜುಟ್ಟು ಕೈಯಲ್ಲಿರುವಾಗ ಕತ್ತು ಯಾಕೆ ಕೊಯ್ಯಬೇಕು?

ಕತ್ತಿವರಸೆ
ಕೇಳೋಕೆ ಚೆನ್ನಾಗಿದೆ. ರಹಸ್ಯ ಸಿಗೋದೇ ಅದೃಷ್ಟ. ತಮ್ಮ ಸನ್ಯಾಸಿಯ ಥರ ಬದುಕ್ತಿದ್ರೆ ಏನು ಮಾಡ್ತೀರಾ?

ಎಮ್ಮೆ_ಮೇಲೆ_ಮಳೆ
ಸ್ಕಲ್‌ಡಗರಿ ಮರದಲ್ಲಿ ಟ್ರೂತ್ ಈಸ್ ರೆಲೆಟಿವ್ ಅನ್ನೋ ಪರ್ಕ್ ಇದೆ. ರಹಸ್ಯ ಇಲ್ಲದವನ ಮೇಲೂ ಹುಕ್ ಹೆಣೆಯೋ ಸ್ಕೀಮ್ ತೆರೆಯುತ್ತೆ. ಒಂದು ಪರ್ಕ್‌ಗೆ 1000 ಎಕ್ಸ್‌ಪಿ (ಅನುಭವದ ಅಂಕ). ಮೂರು ನಕ್ಷತ್ರದ ಎಜುಕೇಶನ್‌ಗೆ ಅದೇ ಲೈಫ್‌ಸ್ಟೈಲ್‌ನಲ್ಲಿ ತಿಂಗಳ ಗಳಿಕೆ 30% ಜಾಸ್ತಿ. ಬೇಗ ಸಿಗುತ್ತೆ.

ಕತ್ತಿವರಸೆ
ಅಷ್ಟರೊಳಗೆ ಫ್ಯಾಕ್ಷನ್ ಅಲ್ಟಿಮೇಟಂ ಕಳಿಸಿರುತ್ತೆ. ಈಗಿನ ಪರಿಸ್ಥಿತಿಗೆ ಅಪಹರಣವೇ ಮದ್ದು. ಅಬ್ಡಕ್ಟ್ ಸ್ಕೀಮ್ ಗೆದ್ರೆ ಮನುಷ್ಯ ನೇರ ನಿಮ್ಮ ಸೆರೆಮನೆಯಲ್ಲಿ ಬಂದು ಬೀಳ್ತಾನೆ. ಯುದ್ಧದ ನಾಯಕ ಸೆರೆ ಸಿಕ್ರೆ ವಾರ್ ಸ್ಕೋರ್ ಸೀದಾ 100. ಸೈನ್ಯ ಕದಲಿಸದೆ ಯುದ್ಧ ಮುಗೀತು.

ರಾತ್ರಿಪಾಳಿ
ಕಿನ್‌ಸ್ಲೇಯರ್ ಅಂತ ಊರೆಲ್ಲ ಗೊತ್ತಿರೋನಿಗೆ ಯಾರು ಏಜೆಂಟ್ ಆಗ್ತಾರೆ? ಐದು ಕುರ್ಚಿ ಖಾಲಿ ಇಟ್ಕೊಂಡು ಅಪಹರಣ ಮಾಡೋಕೆ ಹೋದ್ರೆ ಅದೂ ಬಯಲು. ಒಪೀನಿಯನ್ ಬಿದ್ದ ಮೇಲೆ ಇಂಟ್ರೀಗ್ ಅರ್ಧ ಸತ್ತ ಹಾಗೆ. ಈಗ ಬೇಕಾಗಿರೋದು ದುಡ್ಡು ಮತ್ತು ಡ್ರೆಡ್ (ನಿಮ್ಮ ಬಗ್ಗೆ ಇರೋ ಭಯ). ಸೆರೆಮನೆಯಲ್ಲಿರೋ ಅನಾಮಿಕರನ್ನ ಎರಡು ಮೂರು ಜನ ಎಕ್ಸಿಕ್ಯೂಟ್ ಮಾಡಿದ್ರೆ ಡ್ರೆಡ್ ಏರಿ ಅಂಜುಬುರುಕ ಸಾಮಂತರು ಫ್ಯಾಕ್ಷನ್ ಸೇರೋಕೆ ಹೆದರ್ತಾರೆ.

ಟೂಲ್‌ಟಿಪ್_ತಾತ
ಆದರೆ ಕಂಪ್ಯಾಷನೇಟ್! ಎಕ್ಸಿಕ್ಯೂಟ್ ಮಾಡಿದ್ರೂ ಸ್ಟ್ರೆಸ್, ಕೊಲೆ ಮಾಡಿದ್ರೂ ಸ್ಟ್ರೆಸ್. 100, 200, 300ರ ಗಡಿ ದಾಟಿದಾಗಲೆಲ್ಲ ಒಂದೊಂದು ಮೆಂಟಲ್ ಬ್ರೇಕ್. ಇವರು ಈಗ 240. ಇನ್ನೊಂದು ಅಂಥ ಕೆಲಸಕ್ಕೆ 300 ದಾಟಬಹುದು. ಒಂದು ಬೇಟೆ, ಒಂದು ಔತಣ ಇಟ್ಟು ಮೊದಲು ಸ್ಟ್ರೆಸ್ ಇಳಿಸಲಿ.

ಟ್ರೇಟ್ ನೋಡದೆ ಲೈಫ್‌ಸ್ಟೈಲ್ ಆರಿಸಿದ್ದರ ಫಲ ಇದು. ಕಂಪ್ಯಾಷನೇಟ್ ರಾಜನಿಗೆ -2 ಇಂಟ್ರೀಗ್ ದೊಡ್ಡ ನಷ್ಟ ಅಲ್ಲ. ಪ್ರತಿ ಹೆಣಕ್ಕೂ ಕಟ್ಟೋ ಸ್ಟ್ರೆಸ್ ಸುಂಕ ದೊಡ್ಡದು.

ಹಳೇಶಾಸನ
ವಿಷಯಾಂತರಕ್ಕೆ ಕ್ಷಮೆ ಇರಲಿ. ಈ ಆಟ ಶುರುವಾಗೋ ಹೊತ್ತಿಗೆ ಇತಿಹಾಸದಲ್ಲೂ ಇದೇ ನಾಟಕ ನಡೀತಿತ್ತು, ಗಮನಿಸಿದ್ರಾ? 1068ರಲ್ಲಿ ಒಂದನೇ ಸೋಮೇಶ್ವರ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಮಗ ಎರಡನೇ ಸೋಮೇಶ್ವರ ಪಟ್ಟಕ್ಕೆ. ಎಂಟು ವರ್ಷದಲ್ಲಿ, 1076ಕ್ಕೆ, ತಮ್ಮ ವಿಕ್ರಮಾದಿತ್ಯ ಅಣ್ಣನನ್ನ ಸೋಲಿಸಿ ಸೆರೆಗೆ ಹಾಕಿ ತಾನೇ ಚಕ್ರವರ್ತಿಯಾದ. ತನ್ನ ಹೆಸರಲ್ಲೇ ಶಕೆ ಶುರು ಮಾಡಿ 1126ರವರೆಗೆ ಆಳಿದ.

ನಮ್ಮ ಮಿತ್ರರು ಆಡ್ತಿರೋದು ಸೋತ ಅಣ್ಣನ ಪಾತ್ರ. ಹೆದರಿದ್ದು ಸಹಜ.

ಮಳಖೇಡದ_ಮಂತ್ರಿ
ಆಟದ ಭಾಷೇಲಿ ಹೇಳೋದಾದ್ರೆ ವಿಕ್ರಮಾದಿತ್ಯ ಇಂಟ್ರೀಗ್‌ಗಿಂತ ಡಿಪ್ಲೊಮಸಿ ಆಡಿದ್ದು. ಚೋಳ ವೀರರಾಜೇಂದ್ರನ ಮಗಳನ್ನ ಮದುವೆಯಾಗಿ ಅಲಯನ್ಸ್ ಮಾಡ್ಕೊಂಡ. ಗೋವೆಯ ಕದಂಬ ಜಯಕೇಶಿ, ಹೊಯ್ಸಳರು, ಸೇವುಣರು, ಎಲ್ಲ ಅವನ ಕಡೆ. ಐದು ಕುರ್ಚಿ ಬಿಡಿ, ಫ್ಯಾಕ್ಷನ್‌ಗೆ ಬೇಕಾದಷ್ಟು ಜನ. ಅಣ್ಣ ಸೋಮೇಶ್ವರ ನಂಬಿದ್ದು ಕುಲೋತ್ತುಂಗ ಚೋಳನ್ನ, ಆ ಅಲಯನ್ಸ್ ಉಪಯೋಗಕ್ಕೆ ಬರಲಿಲ್ಲ.

ಕತ್ತಿವರಸೆ
ಅಣ್ಣ ಕ್ರೂರಿ, ಅಯೋಗ್ಯ, ಅದಕ್ಕೇ ಇಳಿಸಿದ ಅಂತ ಓದಿದ್ದೆ.

ಹಳೇಶಾಸನ
ಹಾಗೆ ಬರೆದ ಬಿಲ್ಹಣ ಗೆದ್ದವನ ಆಸ್ಥಾನಕವಿ. ಆ ಮಾತಿಗೆ ಎಷ್ಟು ತೂಕ ಕೊಡಬೇಕೋ ಅಷ್ಟೇ ಕೊಡಿ. ಆಟದಲ್ಲೂ ಹಾಗೇ, ಯಾರ ಕಿಟಕಿ ತೆರೆದಿದ್ದೀರೋ ಅವರ ಒಪೀನಿಯನ್ ಕಾಣುತ್ತೆ.

ಬೆಲ್ಲದಚ್ಚು
867ರ ಶುರುವಲ್ಲಿ ಮುದುಕ ಅಮೋಘವರ್ಷ ಸಿಗ್ತಾನೆ, ಅವನನ್ನ ಆಡಿ. ಕೆಲವೇ ವರ್ಷದಲ್ಲಿ ಸಾಯೋದು ಗ್ಯಾರಂಟಿ, ಅಷ್ಟರೊಳಗೆ ವಾರಸುದಾರಿಕೆ ಸರಿಮಾಡ್ಕೊಳ್ಳೋದೇ ಇಡೀ ಆಟ. ಈ ಸ್ಕಿಲ್ ಕಲಿಯೋಕೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ.

ಮಳಖೇಡದ_ಮಂತ್ರಿ
ನನ್ನ ಹೆಸರಿನ ಊರಿನ ರಾಜನ್ನ ಗ್ಯಾರಂಟಿ ಸಾಯ್ತಾನೆ ಅಂತೀರಲ್ರೀ. ಪಾಪ, ಹದಿಹರೆಯದಲ್ಲಿ ಪಟ್ಟಕ್ಕೆ ಬಂದು, ದಂಗೆ ಎದುರಿಸಿ, ಗುಜರಾತ್ ಶಾಖೆಯ ಕರ್ಕನ ನೆರವಿಂದ ನಿಂತು, ಅರವತ್ತು ವರ್ಷದ ಮೇಲೆ ಆಳಿದವನು.

ಹಳೇಶಾಸನ
ಇನ್ನೊಂದು ವಿಷಯಾಂತರ. ಮಾಡ್‌ಮಲ್ಲ ಹೇಳಿದ ಐದು ಕುರ್ಚಿ ಕೆಲಸ ಹಂಚಿಕೆ ಕೌಟಿಲ್ಯನ ಪಟ್ಟಿಯ ಹಾಗೇ ಇದೆ. ಅರ್ಥಶಾಸ್ತ್ರದಲ್ಲಿ ಒಂದೇ ಕಡೆ ನೆಲೆಯೂರೋ ಗೂಢಚಾರರು ಬೇರೆ: ವಿದ್ಯಾರ್ಥಿ ವೇಷದ ಕಾಪಟಿಕ, ಗೃಹಸ್ಥ ವೇಷದ ಗೃಹಪತಿಕ, ವ್ಯಾಪಾರಿ ವೇಷದ ವೈದೇಹಕ, ತಪಸ್ವಿ ವೇಷದ ತಾಪಸ. ಓಡಾಡೋರು ಬೇರೆ: ರಾಜಾಶ್ರಯದಲ್ಲಿ ಬೆಳೆದ ಅನಾಥ ಸತ್ರಿ, ಕೊಲ್ಲೋಕೆ ತೀಕ್ಷ್ಣ, ವಿಷ ಹಾಕೋಕೆ ರಸದ, ಮನೆಯೊಳಗೆ ನುಗ್ಗೋಕೆ ಭಿಕ್ಷುಕಿ. ಮೂರು ಕಡೆಯಿಂದ ಒಂದೇ ಸುದ್ದಿ ಬಂದ್ರೆ ನಂಬು ಅಂತಾನೆ. ರಾಜಪುತ್ರರು ಏಡಿಗಳ ಹಾಗೆ, ಹೆತ್ತವರನ್ನೇ ತಿಂತಾರೆ ಅನ್ನೋ ಮಾತೂ ಅಲ್ಲೇ ಬರುತ್ತೆ.

ಅದರ ತಾಳೆಗರಿ ಪ್ರತಿ ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1909ಕ್ಕೆ ಅಚ್ಚಾಯ್ತು.

ಜೋಳದರೊಟ್ಟಿ_ಜನರಲ್
ಏಡಿ ಮಾತು ಮಾತ್ರ ಅಪ್ಪಟ. ಆಟದಾಗ ಹಿರೀ ಮಗಂದು ಇಂಟ್ರೀಗ್ 20 ದಾಟಿದ್ರ ನನ್ನ ಕೈ ಮೊದಲ ಫುಡ್ ಟೇಸ್ಟರ್ ಕಡೀನ ಹೋಗೂದು.

ನಿರ್ವಾಹಕ_ನಂ2
ಸ್ವಾಮಿ, ಎಳೆ ಕಲ್ಯಾಣದಿಂದ ಪಾಟಲಿಪುತ್ರಕ್ಕೆ ಹೋಗಿ ಮೈಸೂರಿಗೆ ಬಂತು. ವಾಪಸ್ ಬನ್ನಿ.

ಕುಡ್ಲದ_ಕುಳ
ಬರುವಾ. ಫುಡ್ ಟೇಸ್ಟರ್ ಹೇಳಿದ್ದು ಒಳ್ಳೆದಾಯ್ತು, ರಕ್ಷಣೆ ಬಗ್ಗೆ ಯಾರೂ ಬರೆಯಲಿಲ್ಲ. ಕೋರ್ಟ್ ಪೊಸಿಷನ್‌ನಲ್ಲಿ ಫುಡ್ ಟೇಸ್ಟರ್, ಬಾಡಿಗಾರ್ಡ್ ಎರಡೂ ತುಂಬಿಸಿ. ತಿಂಗಳ ಸಂಬಳ ಹೆಚ್ಚಿಲ್ಲ. ನೀವು ಸಂಚು ಮಾಡದ ಕಾಲದಲ್ಲಿ ಸ್ಪೈಮಾಸ್ಟರ್ ಡಿಸ್ರಪ್ಟ್‌ನಲ್ಲಿ, ಮಾಡುವ ಕಾಲದಲ್ಲಿ ಸಪೋರ್ಟ್‌ನಲ್ಲಿ. ಎರಡರ ನಡುವೆ ಬದಲಿಸಲು ಮರೆಯುವುದೇ ದೊಡ್ಡ ರೋಗ.

ಮತ್ತೆ ಆ ಮೊದಲನೇ ಕೊಲೆ ಯಾರಿಗೂ ಗೊತ್ತಾಗಲಿಲ್ಲ ಅಂದಿರಲ್ಲ, ಅದು ಮುಗಿದಿಲ್ಲ. ಅದು ನಿಮ್ಮ ಹೆಸರಲ್ಲಿ ರಹಸ್ಯವಾಗಿ ಕೂತಿರ್ತದೆ. ಬೇರೆಯವರ ಸ್ಪೈಮಾಸ್ಟರ್ ಅಗೆದು ತೆಗೆದ್ರೆ ಜುಟ್ಟು ಅವರ ಕೈಗೆ. ನಿಮ್ಮ ಪಾತ್ರದ ಕಿಟಕಿಯಲ್ಲಿ ಸೀಕ್ರೆಟ್ಸ್ ತೆಗೆದು ನೋಡಿ.

ಹಿರಿಯಮಗ_1068
ನೋಡಿದೆ. ಇದೆ. ಗೊತ್ತಿರೋರ ಪೈಕಿ ಅದೇ -31ರ ಸ್ಪೈಮಾಸ್ಟರ್ ಇದ್ದಾನೆ.

ಗುಬ್ಬಿಗೂಡು
😶

ರಾತ್ರಿಪಾಳಿ
ಹಾಗಾದ್ರೆ ಅವನನ್ನ ತೆಗೆದುಹಾಕೋ ಮುಂಚೆ ಯೋಚಿಸಿ. ಕುರ್ಚಿ ಕಿತ್ತುಕೊಂಡ್ರೆ ಒಪೀನಿಯನ್ ಇನ್ನೂ ಬೀಳುತ್ತೆ, ಬಾಯಿ ಬಿಡಬಹುದು. ಮೊದಲು ಗಿಫ್ಟ್ ಕೊಟ್ಟು, ಸ್ವೇ (ಒಲಿಸಿಕೊಳ್ಳೋ) ಸ್ಕೀಮ್ ಹಾಕಿ ಸೊನ್ನೆಗೆ ತನ್ನಿ. ಸ್ವೇ ಪರ್ಸನಲ್ ಸ್ಕೀಮ್, ಹಾಸ್ಟೈಲ್ ಸ್ಕೀಮ್ ಜೊತೆಗೇ ನಡೆಯುತ್ತೆ, ಒಂದಕ್ಕೊಂದು ಅಡ್ಡಿ ಇಲ್ಲ. ಆಮೇಲೆ ಬೇರೆ ಕುರ್ಚಿಗೆ ಸಾಗಿಸಿ.

ಕತ್ತಿವರಸೆ
ಅಥವಾ ಅವನನ್ನೇ ಮುಗಿಸಿ.

ಲೆಕ್ಕದ_ಮೇಷ್ಟ್ರು
ಅಥವಾ 0.62ನ್ನ ಇನ್ನೊಂದು ಸಲ ಗುಣಿಸಿ.

ಎಮ್ಮೆ_ಮೇಲೆ_ಮಳೆ
ಉಳಿದ ಇಬ್ಬರು ತಮ್ಮಂದಿರು ಸಾಮಂತರಾಗೇ ಇದ್ದಾರಲ್ವಾ? ಅವರ ರಹಸ್ಯ ಸಿಕ್ಕಾಗ ಇನ್ನೊಂದು ದಾರಿ ಇದೆ. ಬ್ಲ್ಯಾಕ್‌ಮೇಲ್ ಮಾಡದೆ ಎಕ್ಸ್‌ಪೋಸ್ ಮಾಡಿ. ಅಪರಾಧದ ಜಾತಿಯದಾದ್ರೆ ನಿಮಗೆ ಇಂಪ್ರಿಸನ್ ಮಾಡೋ ನ್ಯಾಯವಾದ ಕಾರಣ ಸಿಗುತ್ತೆ, ಟಿರನಿ (ದಬ್ಬಾಳಿಕೆಯ ಕಳಂಕ) ಬರಲ್ಲ. ಸೆರೆ ಸಿಕ್ಕಮೇಲೆ ಒಂದು ಟೈಟಲ್ ಕಿತ್ತುಕೊಳ್ಳೋಕೂ ಅದೇ ಕಾರಣ ಸಾಕು. ಭೂಮಿ ಬರೋದು ಹೀಗೆ, ಕೊಲೆಯಿಂದಲ್ಲ.

ಎಡವೋ ಜಾಗ ಎರಡು. ಇಂಪ್ರಿಸನ್ ಬಟನ್ ಮೇಲೆ ಇರೋ ಶೇಕಡಾ ನೋಡದೆ ಒತ್ತಿದ್ರೆ, ತಪ್ಪಿಸಿಕೊಂಡು ದಂಗೆ ಏಳ್ತಾನೆ. ಇನ್ನೊಂದು, ಹುಕ್ ಇಟ್ಕೊಂಡು ಎಕ್ಸ್‌ಪೋಸ್‌ನೂ ಮಾಡ್ತೀನಿ ಅಂದ್ರೆ ಆಗಲ್ಲ. ಗುಟ್ಟು ರಟ್ಟಾದ ಮೇಲೆ ಹೆದರಿಸೋಕೆ ಏನು ಉಳೀತು? ಹುಕ್ ಹೋಗುತ್ತೆ. ಭೂಮಿ ಬೇಕಾ, ವಿಧೇಯತೆ ಬೇಕಾ, ಒಂದನ್ನ ಆರಿಸಿ.

ಕತ್ತಿವರಸೆ
ಇದನ್ನ ಒಪ್ಪುತ್ತೀನಿ. ಒಪ್ಪೋಕೆ ಬೇಜಾರು, ಆದ್ರೂ.

ಬೆಲ್ಲದಚ್ಚು
ಮುಂದಿನ ತಲೆಮಾರು ಈಗಲೇ ತಯಾರು ಮಾಡಿ. ಮೂರು ವರ್ಷಕ್ಕೆ ಮಗುವಿಗೆ ಬಾಲ್ಯದ ಟ್ರೇಟ್ ಬರುತ್ತೆ. ರೌಡಿ (ಮಾರ್ಷಲ್ ಅನ್ನೋ ಯುದ್ಧದ ಸ್ಕಿಲ್, ಇಂಟ್ರೀಗ್) ಅಥವಾ ಚಾರ್ಮಿಂಗ್ (ಡಿಪ್ಲೊಮಸಿ, ಇಂಟ್ರೀಗ್) ಬಂದ ಮಗುವಿಗೆ ಮಾತ್ರ ಇಂಟ್ರೀಗ್ ಎಜುಕೇಶನ್ ಹೊಂದುತ್ತೆ. ಪೆನ್ಸಿವ್, ಕ್ಯೂರಿಯಸ್, ಬಾಸಿ ಮಕ್ಕಳ ಮೇಲೆ ಹೇರಿದ್ರೆ ಹೆಚ್ಚು ನಕ್ಷತ್ರ ಬರೋ ಸಾಧ್ಯತೆ ಕಮ್ಮಿ. ಆರಕ್ಕೆ ಶಿಕ್ಷಣ ಶುರು, ಹದಿನಾರಕ್ಕೆ ಮುಗಿಯುತ್ತೆ. ಗಾರ್ಡಿಯನ್‌ಗೆ ಇಂಟ್ರೀಗ್ ಜೊತೆ ಲರ್ನಿಂಗ್ ಕೂಡ ಇರಲಿ. ಗಾರ್ಡಿಯನ್‌ನ ಗುಣ ಮಗುವಿಗೆ ಅಂಟುತ್ತೆ. ಕಂಪ್ಯಾಷನೇಟ್ ಗಾರ್ಡಿಯನ್ ಕೊಟ್ಟು ಆಮೇಲೆ ಮಗ ಅಳುಬುರುಕ ಅಂತ ಬೈಬೇಡಿ.

ಟೂಲ್‌ಟಿಪ್_ತಾತ
ರೌಡಿ ಅನ್ನೋದು ಆಟದಲ್ಲಿ ತುಂಟ ಅನ್ನೋ ಅರ್ಥ, ನಮ್ಮ ಕಡೆಯ ರೌಡಿ ಅಲ್ಲ. ಹೊಸಬರು ಗಾಬರಿ ಬೀಳೋದು ಬೇಡ.

ಹಿರಿಯಮಗ_1068
ಎಲ್ಲರಿಗೂ ವಂದನೆ. ಸದ್ಯದ ಸ್ಥಿತಿ: ಹೆಂಡತಿಯ ಕೆಲಸ ಇಂಟ್ರೀಗ್‌ಗೆ ಬದಲಿಸಿದೆ, 19 ಇದ್ದದ್ದು 22 ಆಯ್ತು. ಎರಡು ಬೇಟೆ ಮುಗಿಸಿ ಸ್ಟ್ರೆಸ್ 160. ಹಳೇ ಸ್ಪೈಮಾಸ್ಟರ್‌ಗೆ ಗಿಫ್ಟ್, ಸ್ವೇ ಎರಡೂ ಸೇರಿ -31 ಇದ್ದದ್ದು +12, ಈಗ ಅವನು ಮಾರ್ಷಲ್. ತಾಯಿ ಸ್ಪೈಮಾಸ್ಟರ್, 15. ಫೈಂಡ್ ಸೀಕ್ರೆಟ್ಸ್ ಸ್ವಂತ ಆಸ್ಥಾನದಲ್ಲಿ. ಮೂರು ರಹಸ್ಯ ಸಿಕ್ತು, ಒಂದು ಮೂರನೇ ತಮ್ಮನದು. ಕೊಲೆ. ಅಂದ್ರೆ ಅಪರಾಧದ ಜಾತಿ.

ಎಕ್ಸ್‌ಪೋಸ್ ಮಾಡಲೋ, ಹುಕ್ ಇಟ್ಕೊಳ್ಳಲೋ?

ಎಮ್ಮೆ_ಮೇಲೆ_ಮಳೆ
ಫ್ಯಾಕ್ಷನ್‌ನಲ್ಲಿ ಅವನಿದ್ದಾನಾ?

ಹಿರಿಯಮಗ_1068
ಅವನೇ ನಾಯಕ.

ಎಮ್ಮೆ_ಮೇಲೆ_ಮಳೆ
ಹುಕ್. ಇವತ್ತೇ. ನಾಯಕನ ಬಲವೇ ಹೋದ ಮೇಲೆ ಉಳಿದವರ ಮಿಲಿಟರಿ ಪವರ್ ಎಷ್ಟು ಅಂತ ಫ್ಯಾಕ್ಷನ್ ಪರದೆಯಲ್ಲಿ ನೋಡಿ. ಭೂಮಿ ಆಮೇಲೆ ನೋಡ್ಕೊಳ್ಳೋಣ, ಅವನು ಎಲ್ಲಿಗೂ ಓಡಿಹೋಗಲ್ಲ.

ಮಾಡ್‌ಮಲ್ಲ
ಈ ಚರ್ಚೆಯಿಂದ ಒಂದು ಉಪಯೋಗ ಆಯ್ತು. ಆಟಕ್ಕೆ ಅಧಿಕೃತ ಕನ್ನಡ ಇಲ್ಲ, ಲೋಕಲೈಸೇಶನ್ ಮಾಡ್ (ಅನುವಾದದ ಆಡ್-ಆನ್) ಕಟ್ಟೋರಿಗೆ ಹುಕ್ ಅನ್ನೋ ಪದವೇ ತಲೆನೋವು. ಕೊಕ್ಕೆ ಅಂದ್ರೆ ಮೀನುಗಾರಿಕೆ ಥರ ಕೇಳುತ್ತೆ. ಜುಟ್ಟು ಸರಿ. ಸ್ಟ್ರಾಂಗ್ ಹುಕ್ = ಗಟ್ಟಿ ಜುಟ್ಟು, ವೀಕ್ ಹುಕ್ = ಎಳೆ ಜುಟ್ಟು. ಸ್ಪೈಮಾಸ್ಟರ್‌ಗೆ ಗೂಢಾಧಿಕಾರಿ. ಫೈಲ್‌ಗಳನ್ನ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ, ಶುರುವಿನ ಬಿಓಎಂ ಗುರುತು ಸಹಿತ ಉಳಿಸಿ. ಬಿಓಎಂ ಬಿಟ್ರೆ ಆಟ ಓದಲ್ಲ, ಪರದೆ ಮೇಲೆ ಬರೀ ಕೀ ಹೆಸರು ಕಾಣುತ್ತೆ. ಫೈಲ್ ಹೆಸರಿನ ಕೊನೆಗೂ ಒಳಗಿನ ಮೊದಲ ಸಾಲಿಗೂ ಒಂದೇ ಭಾಷಾ ಟ್ಯಾಗ್ ಇರಬೇಕು.

ಹಳೇಶಾಸನ
ಇಂಟ್ರೀಗ್‌ಗೆ?

ಮಾಡ್‌ಮಲ್ಲ
ಒಳಸಂಚು ಅಂತ ಹಾಕಿದೆ. ಕುತಂತ್ರ ಅಂದ್ರೆ ಬೈಗುಳ, ತಂತ್ರ ಅಂದ್ರೆ ಮಾಟ.

ಜೋಳದರೊಟ್ಟಿ_ಜನರಲ್
ಜುಟ್ಟು ಚಲೋ ಐತಿ. ಆದ್ರ ಬೋಳುತಲಿ ಪಾತ್ರದ ಮ್ಯಾಲ ಗಟ್ಟಿ ಜುಟ್ಟು ಸಿಕ್ಕರ ಏನ್ ಮಾಡ್ತೀರಿ?

ಮಾಡ್‌ಮಲ್ಲ
ಕಿವಿ.